ಕೊಡಗಿನ ದನಗಳ ಲೆಕ್ಕವನ್ನು ಕೊಡಗಿನಲ್ಲೇ ಅಳೆಯಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹೈನುಗಾರಿಕೆಯ ತರಬೇತಿ, ಕೃಷಿ ಮೇಳ, ಹಾಲು ಉತ್ಪಾದಕರ ಸಂಘದ ಮಹಾಸಭೆ, ಎಲ್ಲಿಗೆ ಹೋದರೂ ಈಗ ಒಂದೇ ಮಾತು ಕೇಳಿಬರುತ್ತಿದೆ. ಹಸುವಿಗೆ ಎಷ್ಟು ಮೇವು ಹಾಕಬೇಕು, ಯಾವಾಗ ಗಬ್ಬ ಕಟ್ಟಿಸಬೇಕು, ಕೊಟ್ಟಿಗೆಯಲ್ಲಿ ಎಷ್ಟು ದನ ಇಟ್ಟುಕೊಂಡರೆ ಕೈಗೆ ನಾಲ್ಕು ಕಾಸು ಉಳಿಯುತ್ತದೆ ಎಂಬುದನ್ನೆಲ್ಲ ಇನ್ನು ಮುಂದೆ ಕಂಪ್ಯೂಟರ್ ಮಾದರಿಗಳೇ ಲೆಕ್ಕ ಹಾಕಿ ಹೇಳುತ್ತವೆ ಎನ್ನುವುದು ಆ ಮಾತು. ಈ ಬೆಳವಣಿಗೆಯನ್ನು ಮನಃಪೂರ್ವಕವಾಗಿ ಸ್ವಾಗತಿಸುವವರಲ್ಲಿ ನಾನೂ ಒಬ್ಬ. ಆದರೆ ಲೆಕ್ಕದ ಚೌಕಟ್ಟನ್ನು ಹೊರಗಿನಿಂದ ತರಬಹುದೇ ಹೊರತು ಅದರೊಳಗೆ ತುಂಬುವ ಅಂಕಿಗಳನ್ನು ತರಲಾಗದು. ಆ ಅಂಕಿಗಳನ್ನು ನಮ್ಮ ಮಳೆಯಲ್ಲಿ, ನಮ್ಮ ಗುಡ್ಡದಲ್ಲಿ, ನಮ್ಮ ದನಗಳ ಮೈಮೇಲೆ ಅಳೆದೇ ಪಡೆಯಬೇಕು. ಪಶುಪಾಲನಾ ಇಲಾಖೆಯೂ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಈ ಮಾದರಿಗಳು ಹುಟ್ಟಿದ್ದು ಮಾಂಸಕ್ಕಾಗಿ ದನ ಸಾಕುವ ದೇಶಗಳಲ್ಲಿ. ಅಲ್ಲಿ ದನವನ್ನು ತೂಕದ ಮೇಲೆ ಮಾರುತ್ತಾರೆ. ಆದ್ದರಿಂದ ಎಷ್ಟು ಮೇವಿಗೆ ಎಷ್ಟು ತೂಕ ಎಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು. 1968ರಲ್ಲಿ ಕ್ಯಾಲಿಫೋರ್ನಿಯಾದ ಲಾಫ್‌ಗ್ರೀನ್ ಮತ್ತು ಗ್ಯಾರೆಟ್ ಎಂಬ ವಿಜ್ಞಾನಿಗಳು ದನವೊಂದು ತೂಕ ಕಳೆದುಕೊಳ್ಳದೆ, ತೂಕ ಏರಿಸಿಕೊಳ್ಳದೆ ಇದ್ದ ಹಾಗೇ ಇರಲು ಬೇಕಾಗುವ ಶಕ್ತಿಯನ್ನೂ ಅದರ ಮೇಲೆ ಮೈ ತುಂಬಿಕೊಳ್ಳಲು ಬೇಕಾಗುವ ಶಕ್ತಿಯನ್ನೂ ಬೇರ್ಪಡಿಸಿ ಲೆಕ್ಕ ಹಾಕುವ ವಿಧಾನವನ್ನು ಕೊಟ್ಟರು. 1979ರಲ್ಲಿ ಟೆಕ್ಸಾಸಿನ ಸ್ಯಾಂಡರ್ಸ್ ಮತ್ತು ಕಾರ್ಟ್‌ರೈಟ್ ಒಂದು ಹಸುವಿನ ಲೆಕ್ಕದಿಂದ ಇಡೀ ಹಿಂಡಿನ ಲೆಕ್ಕಕ್ಕೆ ಸಾಗುವ ಮಾದರಿಯನ್ನು ಪ್ರಕಟಿಸಿದರು. ಹುಲ್ಲಿನ ಗುಣ, ಹಸುವಿನ ಗಾತ್ರ, ಹಾಲು, ಗಬ್ಬ, ಸಾವು ಇವೆಲ್ಲವೂ ಅದರಲ್ಲಿ ತಿಂಗಳಿಂದ ತಿಂಗಳಿಗೆ ಒಂದನ್ನೊಂದು ಹಿಡಿದುಕೊಂಡು ನಡೆಯುತ್ತವೆ. ಹಸುವಿನ ಹೊಟ್ಟೆಯೊಳಗೆ ನಾರು, ಪಿಷ್ಟ ಮತ್ತು ಪ್ರೊಟೀನು ಎಷ್ಟು ವೇಗದಲ್ಲಿ ಕರಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ತಂದ ಕಾರ್ನೆಲ್ ವಿಶ್ವವಿದ್ಯಾಲಯದ ಪದ್ಧತಿ 1992ರಲ್ಲಿ ಬಂತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1996ರಲ್ಲಿ ಮಾಂಸದ ದನಗಳ ಪೋಷಕಾಂಶಗಳ ಕುರಿತು ಹೊರತಂದ ಕೈಪಿಡಿಯ ಜೊತೆಗೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಕೊಟ್ಟಿತು. ಇಂದು ನಮ್ಮ ಮೊಬೈಲಿಗೆ ಬರುವ ಆಹಾರ ಸಮತೋಲನದ ಲೆಕ್ಕಗಳ ಬೇರು ಇಂಥ ಕೆಲಸಗಳಲ್ಲಿದೆ.

ಅವುಗಳ ಒಳಗಿನ ಒಂದು ಸೂತ್ರವನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಬೇಕಾಗಿದೆ. ಸುಮ್ಮನೆ ಬದುಕಿರಲು ದನಕ್ಕೆ ಬೇಕಾಗುವ ಶಕ್ತಿ ಅದರ ತೂಕಕ್ಕೆ ನೇರ ಅನುಪಾತದಲ್ಲಿ ಏರುವುದಿಲ್ಲ, ತೂಕದ 0.75 ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅಮೆರಿಕದ ಸೂತ್ರದ ಪ್ರಕಾರ ಕಿಲೋ ತೂಕವನ್ನು ಆ ಘಾತಕ್ಕೇರಿಸಿ ಬಂದ ಸಂಖ್ಯೆಯನ್ನು 0.077ರಿಂದ ಗುಣಿಸಿದರೆ ದಿನದ ಅಗತ್ಯ ಮೆಗಾಕ್ಯಾಲರಿಗಳಲ್ಲಿ ಸಿಗುತ್ತದೆ. 400 ಕಿಲೋ ತೂಗುವ ಹಸುವಿಗೆ ಇದು ಸುಮಾರು 6.9, ಮಲೆನಾಡು ಗಿಡ್ಡದಂತಹ 100 ಕಿಲೋ ಹಸುವಿಗೆ ಸುಮಾರು 2.4. ತೂಕದಲ್ಲಿ ನಾಲ್ಕು ಪಟ್ಟು ವ್ಯತ್ಯಾಸವಿದ್ದರೂ ಅಗತ್ಯದಲ್ಲಿರುವುದು ಮೂರು ಪಟ್ಟಿಗಿಂತ ಕಡಿಮೆ. ಅಂದರೆ ನಾಲ್ಕು ಗಿಡ್ಡ ಹಸುಗಳನ್ನು ಸಾಕುವ ಮನೆಗೆ ಒಂದು ದೊಡ್ಡ ಹಸುವನ್ನು ಸಾಕುವ ಮನೆಗಿಂತ ಬರೀ ನಿರ್ವಹಣೆಗೇ, ಅಂದರೆ ದನ ಸುಮ್ಮನೆ ಬದುಕಿರಲಿಕ್ಕೇ, ಹೆಚ್ಚು ಮೇವು ಬೇಕು. ಹಾಗೆಂದು ಗಿಡ್ಡ ತಳಿ ನಷ್ಟದ್ದು ಎಂದು ತೀರ್ಮಾನಿಸುವುದು ಅವಸರವಾದೀತು. ಬೆನ್ನ ಮೇಲೆ ಡುಬ್ಬವಿರುವ ನಮ್ಮ ನಾಡಿನ ತಳಿಗಳಿಗೆ ನಿರ್ವಹಣೆಯ ಶಕ್ತಿ ಸುಮಾರು ಶೇ 10ರಷ್ಟು ಕಡಿಮೆ ಸಾಕು ಎಂದು ಅದೇ ಅಮೆರಿಕನ್ ಕೈಪಿಡಿ ಹೇಳುತ್ತದೆ. ಹಾಲಿನ ತಳಿಗಳಿಗೆ ಸುಮಾರು ಶೇ 20ರಷ್ಟು ಹೆಚ್ಚು ಬೇಕು ಎಂದೂ ಹೇಳುತ್ತದೆ. ಆದರೆ ಆ ಶೇ 10ರ ಅಂಕಿ ಬಂದದ್ದು ಅಲ್ಲಿನ ದೊಡ್ಡ ಗಾತ್ರದ ಬ್ರಾಹ್ಮನ್ ತಳಿಯಂತಹ ದನಗಳಿಂದ. ನಮ್ಮ ಕಾಫಿ ತೋಟದ ಬದಿಯಲ್ಲಿ, ದರೆಯ ಮೇಲೆ ಮೇಯುವ ಗಿಡ್ಡ ಹಸುವಿಗೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬೇಕು. ನಮ್ಮ ಹಿಂಡುಗಳಲ್ಲಿ ಬಹುಪಾಲು ಇರುವುದು ಗಿಡ್ಡವೂ ಅಲ್ಲದ, ಶುದ್ಧ ಜರ್ಸಿಯೂ ಅಲ್ಲದ ಮಿಶ್ರತಳಿ. ಅದರ ಅಗತ್ಯವನ್ನು ಎರಡರ ನಡುವೆ ಎಲ್ಲೋ ಒಂದು ಕಡೆ ಇಟ್ಟುಬಿಡುವುದು ಲೆಕ್ಕವಲ್ಲ, ಊಹೆ.

ಮಳೆಯ ವಿಷಯಕ್ಕೆ ಬಂದರೆ ಅಂತರ ಇನ್ನೂ ಹೆಚ್ಚಾಗುತ್ತದೆ. ಆ ಮಾದರಿಗಳು ಹವೆಯನ್ನು ಮರೆತಿಲ್ಲ. ದನದ ಮೈ ಒಣಗಿದೆಯೇ, ಕೆಸರು ಮೆತ್ತಿದೆಯೇ, ಕೂದಲು ಒದ್ದೆಯಾಗಿ ಅಂಟಿಕೊಂಡಿದೆಯೇ ಎಂದು ಕೇಳಿ ಅದಕ್ಕೆ ತಕ್ಕಂತೆ ಅಗತ್ಯವನ್ನು ತಿದ್ದುತ್ತವೆ. ಆದರೆ ಅವುಗಳ ಕಣ್ಣ ಮುಂದಿದ್ದದ್ದು ಹಿಮ ಬೀಳುವ ಬಯಲಿನ ಚಳಿಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಗಟ್ಟಲೆ ಬಿಡದೆ ಸುರಿಯುವ ಮಳೆ, ಒಣಗದ ಕೊಟ್ಟಿಗೆ ನೆಲ, ಗೊರಸಿನ ಹುಣ್ಣು, ಜಿಗಣೆ, ಮಳೆ ನಿಂತ ಕೂಡಲೇ ಏರುವ ಉಣ್ಣಿ, ಇವೆಲ್ಲ ಸೇರಿ ಒಂದು ಹಸುವಿನಿಂದ ದಿನಕ್ಕೆ ಎಷ್ಟು ಶಕ್ತಿಯನ್ನು ಕಿತ್ತುಕೊಳ್ಳುತ್ತವೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಕೊಡಗಿನ ಒಳಗೂ ಒಂದೇ ಹವೆಯಿಲ್ಲ. ಭಾಗಮಂಡಲದಲ್ಲಿ ಬೀಳುವ ಮಳೆ ಕುಶಾಲನಗರದ ಮಳೆಯ ಹಲವು ಪಟ್ಟು. ಜಿಲ್ಲೆಗೆಲ್ಲ ಒಂದೇ ಅಂಕಿ ಕೊಟ್ಟರೆ ಅದು ಎರಡೂ ಕಡೆ ತಪ್ಪಾಗುತ್ತದೆ.

ಗುಡ್ಡದ ಲೆಕ್ಕವೂ ಹೀಗೆಯೇ. ಬ್ರಿಟನ್ನಿನ ಕೃಷಿ ಮತ್ತು ಆಹಾರ ಸಂಶೋಧನಾ ಮಂಡಳಿಯ 1993ರ ಕೈಪಿಡಿಯ ಪ್ರಕಾರ ದನವು ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ನಡೆದರೆ ಮೈತೂಕದ ಪ್ರತಿ ಕಿಲೋಗೆ 2.6 ಜೂಲ್ ಖರ್ಚಾಗುತ್ತದೆ. ಒಂದು ಮೀಟರ್ ಎತ್ತರ ಏರಿದರೆ 28 ಜೂಲ್. ಏರುವ ಖರ್ಚು ನಡೆಯುವ ಖರ್ಚಿನ ಹತ್ತು ಪಟ್ಟಿಗೂ ಹೆಚ್ಚು. 100 ಕಿಲೋ ತೂಗುವ ಹಸುವೊಂದು ಬೆಳಿಗ್ಗೆ ಬಿಟ್ಟು ಸಂಜೆ ಬರುವಷ್ಟರಲ್ಲಿ ನಾಲ್ಕು ಕಿಲೋಮೀಟರ್ ನಡೆದು ಒಟ್ಟು 200 ಮೀಟರ್ ಏರಿದರೆ ಸುಮಾರು 1.6 ಮೆಗಾಜೂಲ್ ಹೋಗುತ್ತದೆ. ಮೇಲೆ ಹೇಳಿದ ಅದರ ನಿರ್ವಹಣೆಯ ಅಗತ್ಯ 2.4 ಮೆಗಾಕ್ಯಾಲರಿ, ಅಂದರೆ ಸುಮಾರು 10 ಮೆಗಾಜೂಲ್. ಅಂದರೆ ಆರರಲ್ಲಿ ಒಂದು ಪಾಲಿನಷ್ಟು ಹೆಚ್ಚುವರಿ ಮೇವು ಹೀಗೆ ನಡೆದು ಗುಡ್ಡ ಹತ್ತಲಿಕ್ಕೇ ಬೇಕು. ಬಯಲುಸೀಮೆಯ ಕೊಟ್ಟಿಗೆಯ ಹಸುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆಹಾರ ಪಟ್ಟಿಯಲ್ಲಿ ಈ ಪಾಲು ಇರುವುದಿಲ್ಲ. ಹಸು ಸೊರಗಿದಾಗ ಪಟ್ಟಿಯನ್ನು ಅನುಸರಿಸಲಿಲ್ಲವೆಂದು ಸಾಕುವ ಹೆಣ್ಣುಮಕ್ಕಳನ್ನು ದೂರುವುದನ್ನು ನಾನು ಕೇಳಿದ್ದೇನೆ. ಇದು ಅನ್ಯಾಯ.

ಮೇವಿನ ಕಡೆಗೂ ಒಂದಿಷ್ಟು ಗಮನ ಹರಿಸಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಹಸಿರಿಗೆ ಬರವಿಲ್ಲ, ಆದರೆ ಆ ಹುಲ್ಲಿನಲ್ಲಿ ನೀರೇ ಹೆಚ್ಚು. 300 ಕಿಲೋ ತೂಗುವ ಮಿಶ್ರತಳಿ ಹಸುವಿಗೆ ತೂಕದ ಶೇ 2.5ರಷ್ಟು ಒಣ ಅಂಶ ಬೇಕೆಂದರೆ ದಿನಕ್ಕೆ 7.5 ಕಿಲೋ ಆಯಿತು. ಶೇ 15 ಮಾತ್ರ ಒಣ ಅಂಶವಿರುವ ಎಳೆಯ ಹುಲ್ಲಿನಿಂದಲೇ ಅದನ್ನು ತುಂಬಿಸಬೇಕಾದರೆ ಹಸು 50 ಕಿಲೋ ಹುಲ್ಲು ತಿನ್ನಬೇಕು, ಅದನ್ನು ಜಡಿಮಳೆಯಲ್ಲಿ ಯಾರಾದರೂ ಕೊಯ್ದು ಹೊತ್ತು ತರಬೇಕು. ಕೊಟ್ಟಿಗೆಯ ಮುಂದೆ ರಾಶಿ ಹಸಿರು ಕಂಡರೂ ಹಸು ಅರೆಹೊಟ್ಟೆಯಲ್ಲಿರುವುದು ಈ ಕಾರಣಕ್ಕೆ. ಇನ್ನು ಬೈಹುಲ್ಲು. ಅದರಲ್ಲಿ ಪ್ರೊಟೀನು ಶೇ 3ರಿಂದ 4ರಷ್ಟೇ ಇರುತ್ತದೆ. ಹಸುವಿನ ಮೆಲುಕು ಚೀಲದ ಸೂಕ್ಷ್ಮಜೀವಿಗಳು ನಾರನ್ನು ಸರಿಯಾಗಿ ಜೀರ್ಣಿಸಲು ಸುಮಾರು ಶೇ 7ರಷ್ಟಾದರೂ ಬೇಕು. ಹಿಂದೆ ಗದ್ದೆಯಿಂದ ಹುಲ್ಲು ಮೆದೆ ಏಳುತ್ತಿತ್ತು, ಗದ್ದೆಗೆ ಅಂಟಿಕೊಂಡ ಬಾಣೆಯಲ್ಲಿ ದನ ಮೇಯುತ್ತಿತ್ತು, ಸೊಪ್ಪು ಮತ್ತು ಸಗಣಿ ಗೊಬ್ಬರವಾಗಿ ಗದ್ದೆಗೆ ಮರಳುತ್ತಿತ್ತು. ಬಾಣೆ ಜಮೀನನ್ನು ಗದ್ದೆಯ ಜೊತೆಗೆ ಕೊಟ್ಟದ್ದೇ ಮೇವು, ಸೊಪ್ಪು, ಸೌದೆಗಾಗಿ. ಬಾಣೆಗಳಲ್ಲಿ ಕಾಫಿ ಬಂತು, ಅನೇಕ ಗದ್ದೆಗಳು ಪಾಳು ಬಿದ್ದವು, ಬೈಹುಲ್ಲನ್ನು ಈಗ ಜಿಲ್ಲೆಯ ಹೊರಗಿನಿಂದ ಲಾರಿಯಲ್ಲಿ ತರಿಸುವವರಿದ್ದಾರೆ. ಹಿಂಡಿನ ಯಾವ ಮಾದರಿಯಾದರೂ ಈ ಜಮೀನಿನ ಬದಲಾವಣೆಯನ್ನು ಒಳಗೊಳ್ಳದಿದ್ದರೆ ಕೊಡಗಿನ ಮಟ್ಟಿಗೆ ಪ್ರಯೋಜನವಿಲ್ಲ. ಹಾಗೆಯೇ ಕಾಫಿ, ಕರಿಮೆಣಸಿಗೆ ಹೋಗುವ ಕೊಟ್ಟಿಗೆ ಗೊಬ್ಬರದ ಬೆಲೆಯೂ ಅದರ ಆದಾಯದ ಕಡೆ ಇರಬೇಕು. ನಮ್ಮಲ್ಲಿ ಎಷ್ಟೋ ಮನೆಗಳು ದನ ಸಾಕುತ್ತಿರುವುದು ಹಾಲಿಗಿಂತ ಗೊಬ್ಬರಕ್ಕೆ.

ಹಿಂಡಿನ ಲೆಕ್ಕಕ್ಕೆ ಬರುತ್ತೇನೆ. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 85 ದಿನಗಳೊಳಗೆ ಮತ್ತೆ ಗಬ್ಬ ಕಟ್ಟಬೇಕು. ಗರ್ಭಕೋಶ ಸುಧಾರಿಸಲು ಮೊದಲ 45 ದಿನ ಬಿಟ್ಟರೆ ಉಳಿಯುವುದು 40 ದಿನ. 21 ದಿನಕ್ಕೊಮ್ಮೆ ಬರುವ ಬೆದೆ ಆ ಅವಧಿಯಲ್ಲಿ ಹೆಚ್ಚೆಂದರೆ ಎರಡು ಬಾರಿ ಸಿಗುತ್ತದೆ. ಜಡಿಮಳೆಯಲ್ಲಿ ಬೆದೆ ಕಣ್ಣಿಗೆ ಬೀಳದೆ ಹೋದರೆ, ಬಿದ್ದರೂ ರಸ್ತೆ ಕೆಟ್ಟು ಕೃತಕ ಗರ್ಭಧಾರಣೆಗೆ ಹೊತ್ತಿಗೆ ಸರಿಯಾಗಿ ಜನ ಬಾರದೆ ಹೋದರೆ ಕರುವಿನ ನಡುವಿನ ಅಂತರ ಹದಿನೈದು, ಹದಿನೆಂಟು ತಿಂಗಳಿಗೆ ಹೋಗುತ್ತದೆ. ಹನ್ನೆರಡು ತಿಂಗಳ ಅಂತರದಲ್ಲಿ ಆರು ವರ್ಷಕ್ಕೆ ಆರು ಕರು, ಹದಿನೆಂಟು ತಿಂಗಳ ಅಂತರದಲ್ಲಿ ನಾಲ್ಕೇ. ಆ ಎರಡು ಕರುಗಳ ಜೊತೆಗೆ ಎರಡು ಸೂಲಿನ ಹಾಲೂ ಹೋಯಿತು, ಮೇವಿನ ಖರ್ಚು ಮಾತ್ರ ಹಾಗೇ ನಿಂತಿತು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಮತ್ತು ಕರು ಹಾಕಿದ ಮೊದಲ ವಾರಗಳಲ್ಲಿ ಮೈ ಇಳಿದ ಹಸು ತಡವಾಗಿ ಬೆದೆಗೆ ಬರುತ್ತದೆ ಎಂಬುದು ಹಿಂಡಿನ ಮಾದರಿಗಳಲ್ಲಿ ಇರುವ ಕೊಂಡಿ. ಮೇವಿನ ಕೊರತೆ ಇಂದಿನ ಹಾಲಿನಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಮುಂದಿನ ವರ್ಷದ ಕರುವಿನಲ್ಲಿ ಕಾಣುತ್ತದೆ ಎಂಬ ಸಂಗತಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಸಾಧನ ಬೇರೊಂದಿಲ್ಲ. ನಾನು ಕಂಪ್ಯೂಟರ್ ಮಾದರಿಗಳ ಪರವಾಗಿರುವುದು ಮುಖ್ಯವಾಗಿ ಈ ಕಾರಣದಿಂದ.

ಅಮೆರಿಕದ ಮಾಂಸದ ಹಿಂಡುಗಳಲ್ಲಿ ಗಬ್ಬ ನಿಲ್ಲದ ಹಸುವನ್ನು ಆ ವರ್ಷವೇ ಮಾರಿ ಅದರ ಜಾಗಕ್ಕೆ ಕಡಸು ತರುತ್ತಾರೆ. ಪ್ರತಿವರ್ಷ ಹಿಂಡಿನ ಶೇ 15ರಿಂದ 20ರಷ್ಟು ಹಸುಗಳು ಹೀಗೆ ಬದಲಾಗುತ್ತವೆ ಎಂಬ ಎಣಿಕೆಯ ಮೇಲೆ ಅವರ ಲೆಕ್ಕ ನಿಂತಿದೆ. ಕರ್ನಾಟಕದಲ್ಲಿ 2021ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆಯು ಹಸು, ಕರು, ಹೋರಿ, ಎತ್ತುಗಳ ವಧೆಯನ್ನು ವಯಸ್ಸಿನ ಭೇದವಿಲ್ಲದೆ ನಿಷೇಧಿಸಿದೆ. ಆ ಕಾಯ್ದೆಯ ಬಗ್ಗೆ ಚರ್ಚಿಸುವುದು ಈ ಪತ್ರದ ಉದ್ದೇಶವಲ್ಲ. ಆದರೆ ಅದರಿಂದ ಹಿಂಡಿನ ಗಣಿತ ಬದಲಾಗುತ್ತದೆ ಎಂಬುದನ್ನು ಲೆಕ್ಕ ಮಾಡುವವರು ಒಪ್ಪಿಕೊಳ್ಳಲೇಬೇಕು. ಗೊಡ್ಡು ಹಸುವೂ ಗಂಡು ಕರುವೂ ನಮ್ಮಲ್ಲಿ ವರ್ಷಗಟ್ಟಲೆ ಮನೆಯಲ್ಲೇ ಇರುತ್ತವೆ, ಅದೇ ಬಾಣೆಯಲ್ಲಿ ಮೇಯುತ್ತವೆ, ಕರೆಯುವ ಹಸುವಿನ ಮೇವಿನಲ್ಲಿ ಪಾಲು ಪಡೆಯುತ್ತವೆ. ಮುದಿ ದನದ ಮೇವನ್ನು ಖರ್ಚಿನ ಕಡೆ ಬರೆಯದ ಮಾದರಿ ಲಾಭವನ್ನು ಹೆಚ್ಚಾಗಿ ತೋರಿಸುತ್ತದೆ, ಅದನ್ನು ನಂಬಿ ಸಾಲ ತೆಗೆದವನು ಮೂರನೆಯ ವರ್ಷಕ್ಕೆ ಕಷ್ಟಕ್ಕೆ ಸಿಕ್ಕುತ್ತಾನೆ. ಲಿಂಗ ನಿರ್ಧರಿತ ವೀರ್ಯ ಬಳಸಿ ಬಹುಪಾಲು ಹೆಣ್ಣು ಕರುಗಳನ್ನೇ ಪಡೆಯುವುದರಿಂದ ಎಷ್ಟು ಉಳಿತಾಯವಾಗುತ್ತದೆ ಎಂಬ ಪ್ರಶ್ನೆಗೂ ಹೊರಗಿನ ಮಾದರಿ ಸರಿಯಾದ ಉತ್ತರ ಕೊಡಲಾರದು. ಅಲ್ಲಿ ಗಂಡು ಕರುವೇ ಆದಾಯ, ಇಲ್ಲಿ ಅದು ಹೊರೆ.

ಎಲ್ಲಕ್ಕಿಂತ ದೊಡ್ಡ ತೊಡಕು ಸರಾಸರಿಯದು. ಸಾವಿರ ಹಸುಗಳ ಹಿಂಡಿನಲ್ಲಿ ಶೇ 70ರಷ್ಟು ಕರು ಹಾಕುತ್ತವೆ ಎಂದರೆ ಆ ವರ್ಷ ಸುಮಾರು 700 ಕರು ಬರುತ್ತವೆ, ಹತ್ತಿಪ್ಪತ್ತು ಆಚೀಚೆ ಆದೀತು, ಅಷ್ಟೆ. ನಮ್ಮಲ್ಲಿ ಒಂದು ಮನೆಗೆ ಎರಡು ಹಸು. ಸರಾಸರಿಯ ಪ್ರಕಾರ ಆ ಮನೆಗೆ ವರ್ಷಕ್ಕೆ 1.4 ಕರು, ಆದರೆ 1.4 ಕರು ಯಾವ ಕೊಟ್ಟಿಗೆಯಲ್ಲೂ ಹುಟ್ಟುವುದಿಲ್ಲ. ಪ್ರತಿ ಹಸುವಿಗೂ ಕರು ಹಾಕುವ ಸಂಭವ ನೂರಕ್ಕೆ 70 ಎಂದಾದರೆ, ಇಂಥ ನೂರು ಮನೆಗಳಲ್ಲಿ ಸುಮಾರು 49 ಮನೆಗಳಿಗೆ ಎರಡು ಕರು, 42 ಮನೆಗಳಿಗೆ ಒಂದು, 9 ಮನೆಗಳಿಗೆ ಒಂದೂ ಇಲ್ಲ. ಆ ಒಂಬತ್ತು ಮನೆಗಳಿಗೆ ಆ ವರ್ಷ ಸಂಘಕ್ಕೆ ಹಾಕಲು ಹಾಲಿಲ್ಲ, ಲೀಟರಿಗೆ ಸಿಗುವ ಸರ್ಕಾರದ ಪ್ರೋತ್ಸಾಹಧನವಿಲ್ಲ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಇದೂ ಎರಡು ಹಸುಗಳ ಅದೃಷ್ಟ ಒಂದಕ್ಕೊಂದು ಸಂಬಂಧವಿಲ್ಲದ್ದು ಎಂದು ಇಟ್ಟುಕೊಂಡರೆ ಮಾತ್ರ. ಒಂದೇ ಕೊಟ್ಟಿಗೆಯಲ್ಲಿ ಒಂದೇ ಮೇವು ತಿನ್ನುವ, ಕಾಲುಬಾಯಿ ಜ್ವರವೋ ಚರ್ಮಗಂಟು ರೋಗವೋ ಬಂದರೆ ಒಟ್ಟಿಗೇ ಮಲಗುವ ಎರಡು ಹಸುಗಳ ವಿಷಯದಲ್ಲಿ ಎರಡೂ ಒಟ್ಟಿಗೆ ಗೊಡ್ಡಾಗುವ ಸಂಭವ ಒಂಬತ್ತಕ್ಕಿಂತ ಹೆಚ್ಚೇ ಇರುತ್ತದೆ. ಸಾಲಕ್ಕಾಗಿ ಬರೆಯುವ ಯೋಜನಾ ವರದಿಗಳಲ್ಲಿ ವರ್ಷಕ್ಕೊಂದು ಕರು, ದಿನಕ್ಕಿಷ್ಟು ಲೀಟರು ಎಂದು ಒಂದೇ ಸಾಲು ಇರುತ್ತದೆ. ಆ ವರದಿಯೂ ಒಂದು ಮಾದರಿಯೇ, ಆದರೆ ಅದರಲ್ಲಿ ಆ ಒಂಬತ್ತು ಮನೆಗಳಿಗೆ ಜಾಗವಿಲ್ಲ.

ಈ ತೊಡಕಿಗೆ ದಾರಿ ತೋರಿಸಿದವರೂ ಇದ್ದಾರೆ. ಅಡಿಸ್ ಅಬಾಬದಲ್ಲಿದ್ದ ಆಫ್ರಿಕಾದ ಅಂತರರಾಷ್ಟ್ರೀಯ ಜಾನುವಾರು ಕೇಂದ್ರಕ್ಕಾಗಿ ಕೊನಾಂಡ್ರಿಯಾಸ್ ಮತ್ತು ಆ್ಯಂಡರ್ಸನ್ 1982ರಲ್ಲಿ ಪ್ರಕಟಿಸಿದ ಹಿಂಡಿನ ಮಾದರಿಯಲ್ಲಿ ದನಗಳನ್ನು ಪೂರ್ಣಸಂಖ್ಯೆಗಳಲ್ಲೇ ಎಣಿಸಲಾಗುತ್ತದೆ, ಹುಟ್ಟು ಸಾವುಗಳನ್ನು ಸಂಭವನೀಯತೆಯ ಪ್ರಕಾರ ಒಂದೊಂದು ದನಕ್ಕೂ ಬೇರೆಯಾಗಿ ನಿರ್ಧರಿಸಲಾಗುತ್ತದೆ, ಅದೇ ಲೆಕ್ಕವನ್ನು ಮತ್ತೆ ಮತ್ತೆ ಓಡಿಸಿ ಎಷ್ಟು ಬಾರಿ ಒಳ್ಳೆಯ ವರ್ಷ, ಎಷ್ಟು ಬಾರಿ ಕೆಟ್ಟ ವರ್ಷ ಬರುತ್ತದೆ ಎಂದು ನೋಡಲಾಗುತ್ತದೆ. ಸಣ್ಣ ಹಿಂಡುಗಳಿಗೆ ಬೇಕಾದದ್ದು ಈ ಬಗೆಯ ಮಾದರಿ. ಅಂದು ಅದಕ್ಕೆ ಒಂದು ಸಂಸ್ಥೆಯ ದೊಡ್ಡ ಕಂಪ್ಯೂಟರ್ ಬೇಕಾಗಿತ್ತು. ಇಂದು ಅದೇ ಲೆಕ್ಕವನ್ನು ಸಾಧಾರಣ ಲ್ಯಾಪ್‌ಟಾಪ್ ಕ್ಷಣಗಳಲ್ಲಿ ಮಾಡುತ್ತದೆ. ನಮಗೆ ಕೊರತೆಯಿರುವುದು ಯಂತ್ರದ್ದಲ್ಲ, ಅಂಕಿಗಳದ್ದು.

ದಕ್ಷಿಣ ಕೊಡಗಿನ ಓದುಗರು ಇದನ್ನು ಓದುವಾಗ ಹುಲಿಯನ್ನು ನೆನೆಯದಿರಲಾರರು. ನಾಗರಹೊಳೆಯ ಅಂಚಿನ ಬಾಳೆಲೆ, ಶ್ರೀಮಂಗಲ, ಕುಟ್ಟ, ತಿತಿಮತಿಯ ಕಡೆ ಹಗಲಲ್ಲೇ ದನ ಹಿಡಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಹೊಸದಲ್ಲ. ಎರಡು ಹಸುವಿನ ಮನೆಯಲ್ಲಿ ಒಂದು ಹೋದರೆ ಅರ್ಧ ಹಿಂಡೇ ಹೋದಂತೆ. ರೋಗಕ್ಕೆ, ಮುಪ್ಪಿಗೆ ಎಂದು ಪುಸ್ತಕದಲ್ಲಿ ಬರೆದ ಸಾವಿನ ಪ್ರಮಾಣ ಪೊನ್ನಂಪೇಟೆ ತಾಲ್ಲೂಕಿಗೆ ಹೊಂದುವುದಿಲ್ಲ. ಅರಣ್ಯ ಇಲಾಖೆಯ ಪರಿಹಾರದ ಕಡತಗಳಲ್ಲಿ ಪ್ರತಿ ಪ್ರಕರಣದ ಊರು ಮತ್ತು ದಿನಾಂಕ ಇರುತ್ತವೆ. ಅವನ್ನು ಹೆಸರುಗಳಿಲ್ಲದೆ ಕೊಟ್ಟರೂ ಸಾಕು, ಯಾವ ತಿಂಗಳು, ಯಾವ ಕಾಡಂಚಿನಲ್ಲಿ ದನವನ್ನು ಮೇಯಲು ಬಿಡುವ ಬದಲು ಕಟ್ಟಿ ಮೇಯಿಸುವುದು ಮೇಲು, ಅದಕ್ಕೆ ಎಷ್ಟು ಮೇವು ಬೇಕಾದೀತು ಎಂಬುದನ್ನು ಲೆಕ್ಕ ಹಾಕಬಹುದು.

ಮಾದರಿಯೊಂದು ಕೈಯಲ್ಲಿದ್ದರೆ ಕೇಳಬಹುದಾದ ಪ್ರಶ್ನೆಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಕರು ಹಾಕುವ ಕಾಲದ್ದು. ಜೂನ್, ಜುಲೈಯಲ್ಲಿ ಕರು ಹಾಕಿದ ಹಸುವಿಗೆ ಹಸಿರು ಹುಲ್ಲು ಧಾರಾಳ, ಆದರೆ ಅದು ನೀರು ತುಂಬಿದ ಹುಲ್ಲು. ಎಳೆಗರು ತೇವದ ಕೊಟ್ಟಿಗೆಯಲ್ಲಿ ಭೇದಿ, ನ್ಯುಮೋನಿಯಾಗಳಿಗೆ ಸಿಕ್ಕುತ್ತದೆ. ನವೆಂಬರ್‌ನಲ್ಲಿ ಕರು ಹಾಕಿದರೆ ಮಳೆ ಮುಗಿದಿರುತ್ತದೆ, ಗದ್ದೆ ಕೊಯ್ಲಿನ ಬೈಹುಲ್ಲು ಬರುತ್ತದೆ, ಕರು ಒಣ ನೆಲದಲ್ಲಿ ಬೆಳೆಯುತ್ತದೆ. ಆದರೆ ಹಸು ಮತ್ತೆ ಗಬ್ಬ ಕಟ್ಟಬೇಕಾದ ಫೆಬ್ರುವರಿಯ ಹೊತ್ತಿಗೆ ಹಸಿರು ಒಣಗುತ್ತದೆ, ಮನೆಯ ಜನರೆಲ್ಲ ಕಾಫಿ ಕೊಯ್ಲಿನಲ್ಲಿರುತ್ತಾರೆ, ಬೆದೆ ನೋಡುವವರಿಲ್ಲ. ನನಗೆ ನವೆಂಬರ್ ಮೇಲೆಂದು ಕಾಣುತ್ತದೆ. ಅದಕ್ಕಾಗಿ ಜನವರಿ ಕೊನೆಯಿಂದ ಫೆಬ್ರುವರಿಯೊಳಗೆ ಗರ್ಭಧಾರಣೆ ಮಾಡಿಸಬೇಕು, ಮಳೆಗಾಲದಲ್ಲಿ ರಸಮೇವು (ಗಾಳಿಯಾಡದಂತೆ ಮುಚ್ಚಿ ಹುಳಿಸಿದ ಹಸಿ ಮೇವು) ಮಾಡಿಟ್ಟು ಬೇಸಿಗೆಗೆ ಉಳಿಸಬೇಕು. ಆದರೆ ನನಗೆ ಹಾಗೆ ಕಾಣುವುದು ಸಾಲದು. ಶನಿವಾರಸಂತೆಗೆ ಒಂದು ಉತ್ತರ, ನಾಪೋಕ್ಲುವಿಗೆ ಇನ್ನೊಂದು ಉತ್ತರ ಬರಬಹುದು. ಹಸುವಿನ ಮೇಲೆ ಪ್ರಯೋಗ ಮಾಡಿ ಈ ಉತ್ತರ ಪಡೆಯಲು ವರ್ಷಗಳು ಬೇಕು, ಅಷ್ಟು ಕಾಲ ನಷ್ಟ ತಿನ್ನಲು ಸಣ್ಣ ಸಾಕಣೆದಾರರಿಂದ ಆಗದು. ಸರಿಯಾದ ಅಂಕಿಗಳಿದ್ದರೆ ಮಾದರಿಯಲ್ಲಿ ಎರಡನ್ನೂ ಓಡಿಸಿ ನೋಡಿ, ಮೇಲೆಂದು ಕಂಡದ್ದನ್ನು ಮಾತ್ರ ಕೆಲವೇ ಕೊಟ್ಟಿಗೆಗಳಲ್ಲಿ ಪರೀಕ್ಷಿಸಬಹುದು.

ಅಂಕಿಗಳನ್ನು ಸೊನ್ನೆಯಿಂದ ಆರಂಭಿಸಬೇಕಾಗಿಲ್ಲ. ನಮ್ಮ ದನಗಳ ಕಿವಿಯಲ್ಲಿ 12 ಅಂಕಿಯ ಓಲೆಗಳಿವೆ. ಲಸಿಕೆ, ಗರ್ಭಧಾರಣೆ, ಕರುವಿನ ವಿವರಗಳು ಭಾರತ್ ಪಶುಧನ್ ವ್ಯವಸ್ಥೆಗೆ ಸೇರುತ್ತಿವೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಮೇವು, ಆಹಾರಗಳ ವಿಷಯದಲ್ಲಿ ದೇಶಕ್ಕೇ ದಾರಿ ತೋರುವ ಸಂಸ್ಥೆ. ಭಾರತೀಯ ಕೃಷಿ ಸಂಶೋಧನಾ ಮಂಡಳಿ 2013ರಲ್ಲಿ ನಮ್ಮ ದನ, ಎಮ್ಮೆಗಳಿಗಾಗಿಯೇ ಪೋಷಕಾಂಶಗಳ ಕೈಪಿಡಿ ಹೊರತಂದಿದೆ. ಯಲಹಂಕದ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಮತ್ತು ಮಾಹಿತಿ ಸಂಸ್ಥೆ ಜಿಲ್ಲಾವಾರು ರೋಗ ಮುನ್ಸೂಚನೆಯನ್ನು ಎರಡು ತಿಂಗಳು ಮೊದಲೇ ಕೊಡುತ್ತದೆ. ಹಾಲಿನ ಸಂಘಗಳಲ್ಲಿ ದಿನಕ್ಕೆರಡು ಬಾರಿ ಹಾಲಿನ ಪ್ರಮಾಣ, ಜಿಡ್ಡು ದಾಖಲಾಗುತ್ತಿವೆ. ಆದರೆ ಸಂಘದ ಅಂಕಿ ಮನೆಯದು, ಹಸುವಿನದಲ್ಲ. ಕಿವಿಯೋಲೆಯ ಅಂಕಿ ಹಸುವಿನದು, ಅದರಲ್ಲಿ ಮೇವಿಲ್ಲ. ಜಾನುವಾರು ಗಣತಿ ತಲೆಗಳನ್ನು ಎಣಿಸುತ್ತದೆ, ತೂಕವನ್ನಲ್ಲ. ಇವು ಮೂರೂ ಬೇರೆ ಬೇರೆ ಕಡೆ ಬಿದ್ದಿವೆ, ಯಾವುದೂ ಸಾಕುವವರ ಕೈಗೆ ಮರಳುತ್ತಿಲ್ಲ.

ಇಲ್ಲದಿರುವುದರಲ್ಲಿ ಮೊದಲನೆಯದು ತೂಕ. ಊರೂರಿಗೆ ತೂಕದ ಯಂತ್ರ ಒಯ್ಯಲಾಗದು, ಅಳತೆ ಪಟ್ಟಿ ಒಯ್ಯಬಹುದು. ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ವರ್ಗ ಮಾಡಿ, ಮೈಯುದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋದಲ್ಲಿ ಅಂದಾಜು ತೂಕ ಬರುತ್ತದೆ ಎಂಬ ಸೂತ್ರ ನಮ್ಮ ಪಶುವೈದ್ಯರಿಗೆಲ್ಲ ಗೊತ್ತು. 48 ಇಂಚು ಸುತ್ತಳತೆ, 38 ಇಂಚು ಉದ್ದದ ಹಸುವಿಗೆ ಇದು ಸುಮಾರು 133 ಕಿಲೋ. ಪಟ್ಟಿ ಒಂದು ಇಂಚು ಸಡಿಲವಾದರೆ 138 ಆಗುತ್ತದೆ. ಆದ್ದರಿಂದ ಅಳೆಯುವವರಿಗೆ ತರಬೇತಿ ಬೇಕು. ಅದಕ್ಕಿಂತ ಮುಖ್ಯವಾಗಿ, ದೊಡ್ಡ ತಳಿಗಳಿಗೆ ಮಾಡಿದ ಈ ಸೂತ್ರ ಗಿಡ್ಡ ತಳಿಗೆ ಹೊಂದುತ್ತದೆಯೇ ಎಂದು ಕೆಲವು ದನಗಳನ್ನು ನಿಜವಾದ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಬೇಕು. ಅದಕ್ಕೆ ಕೂಡಿಗೆಗಿಂತ ತಕ್ಕ ಜಾಗ ನಮ್ಮ ಜಿಲ್ಲೆಯಲ್ಲಿಲ್ಲ. ರಾಜ್ಯದ ಮೊದಲ ಡೇರಿ 1955ರಲ್ಲಿ ಆರಂಭವಾದದ್ದು ಕೂಡಿಗೆಯಲ್ಲಿ. ಈ ಕೆಲಸವೂ ಅಲ್ಲಿಂದಲೇ ಆರಂಭವಾಗಲಿ ಎಂಬುದು ನನ್ನ ಆಸೆ.

ಮಾದರಿ ತಯಾರಾದ ಮೇಲೆ ಅದನ್ನು ಮುಚ್ಚಿಡಬಾರದು. ಯಾವ ಅಂಕಿ ಎಲ್ಲಿಂದ ಬಂತು, ಯಾವ ಗುಣಾಂಕವನ್ನು ಎಷ್ಟು ದನಗಳ ಮೇಲೆ ಅಳೆಯಲಾಯಿತು ಎಂಬುದು ಕನ್ನಡದಲ್ಲಿ ಪ್ರಕಟವಾಗಬೇಕು. ಮಾದರಿ ಕಟ್ಟಲು ಬಳಸದ ಬೇರೆ ಹಳ್ಳಿಗಳ ದನಗಳ ಮೇಲೆ ಅದನ್ನು ಪರೀಕ್ಷಿಸಿ, ಎಷ್ಟು ತಪ್ಪಿತು ಎಂಬುದನ್ನೂ ಹೇಳಬೇಕು. ಖಾಸಗಿ ಆ್ಯಪ್‌ಗಳು ಕೊಡುವ ಉತ್ತರದ ಹಿಂದೆ ಯಾವ ದೇಶದ ದನವಿದೆ ಎಂದು ಕೇಳುವ ಹಕ್ಕು ಸಾಕುವವರಿಗಿದೆ. ಹಿಂಡಿನ ತೂಕದ ದಾಖಲೆ ಊರೂರಿನಲ್ಲಿದ್ದರೆ ಅದಕ್ಕೆ ಮತ್ತೊಂದು ಉಪಯೋಗವೂ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ ಮನೆ ಬಿಟ್ಟು ಬಂದಾಗ ಅನೇಕರು ದನಗಳ ಹಗ್ಗ ಬಿಚ್ಚಿ ಬಿಟ್ಟು ಬರಬೇಕಾಯಿತು. ಒಂದು ಊರಿನಲ್ಲಿ ಸರಾಸರಿ 200 ಕಿಲೋ ತೂಗುವ 200 ದನಗಳಿದ್ದರೆ, ತೂಕದ ಶೇ 2ರ ಲೆಕ್ಕದಲ್ಲಿ ದಿನಕ್ಕೆ 800 ಕಿಲೋ ಒಣ ಮೇವು ಬೇಕು. ಈ ಲೆಕ್ಕ ಮೊದಲೇ ಇದ್ದಿದ್ದರೆ ಮೇವು ಯಾವ ರಸ್ತೆಯಿಂದ, ಎಷ್ಟು ಲಾರಿಯಲ್ಲಿ ಹೋಗಬೇಕು ಎಂದು ತೀರ್ಮಾನಿಸಲು ತಡವಾಗುತ್ತಿರಲಿಲ್ಲ.

ಮುಂಬರುವ ಮಳೆಗಾಲಕ್ಕೆ ಮೊದಲು ಜಿಲ್ಲೆಯ ಐದೂ ತಾಲ್ಲೂಕುಗಳಲ್ಲಿ ಒಂದೊಂದು ಹಾಲಿನ ಸಂಘವನ್ನಾದರೂ ಆಯ್ದುಕೊಂಡು, ಅಲ್ಲಿನ ದನಗಳ ಅಳತೆಯನ್ನು ಮೇ, ಆಗಸ್ಟ್, ನವೆಂಬರ್ ಮತ್ತು ಫೆಬ್ರುವರಿ ತಿಂಗಳಲ್ಲಿ ತೆಗೆದು, ಕಿವಿಯೋಲೆಯ ಸಂಖ್ಯೆಯ ಜೊತೆಗೆ ಮೇವು, ಹಾಲು, ಬೆದೆ, ಕರುವಿನ ವಿವರಗಳನ್ನು ಒಂದೇ ಪುಸ್ತಕದಲ್ಲಿ ಬರೆಸಬೇಕೆಂದು ಪಶುಪಾಲನಾ ಇಲಾಖೆಯನ್ನು ಕೋರುತ್ತೇನೆ. ವಿಶ್ವವಿದ್ಯಾಲಯದ ಹಾಸನ ಮತ್ತು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಸಂಶೋಧನೆಯ ವಿಷಯವಾಗಿ ತೆಗೆದುಕೊಂಡರೆ ಖರ್ಚೂ ಕಡಿಮೆಯಾಗುತ್ತದೆ. ಅಳೆಯಲು ಬಂದವರಿಗೆ ನಮ್ಮ ಕೊಟ್ಟಿಗೆಯ ಬಾಗಿಲು ತೆರೆದಿರುತ್ತದೆ. ನಮ್ಮ ಸಂಘದ ಇತರ ಸದಸ್ಯರನ್ನು ಒಪ್ಪಿಸುವ ಹೊಣೆಯನ್ನು ನಾನು ಹೊರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಾಫಿ ಬೆಳೆಗಾರ ಮತ್ತು ಹಾಲು ಉತ್ಪಾದಕ,
ಸೋಮವಾರಪೇಟೆ ತಾಲ್ಲೂಕು, ಕೊಡಗು ಜಿಲ್ಲೆ